ಡಬ್ಬಿ ಹತ್ತವಲ್ದು: ಕರ್ನಲ್ ಡ್ರೈವರನ್ನು ಐಚ್ಛಿಕ ಮಾಡಿದ ಮೇಲೆ ಬರುವ ದೋಷ ಹುಡುಕುವುದು

ಗುರುವಾರ ಬೆಳಿಗ್ಗೆ ಬ್ಯಾಡಗಿಯಿಂದ ಫೋನ್ ಬಂತು. "ಸರ, ಡಬ್ಬಿ ಹತ್ತವಲ್ದು ನೋಡ್ರಿ."

ಬ್ಯಾಡಗಿಯಲ್ಲಿ ಡಬ್ಬಿ ಅಂದರೆ ಮೆಣಸಿನಕಾಯಿ. ಉದ್ದಕ್ಕೆ ಸುಕ್ಕಾಗಿರುವುದು ಕಡ್ಡಿ, ಗಿಡ್ಡಗೆ ದಪ್ಪಗಿರುವುದು ಡಬ್ಬಿ. ಹಾಗಾಗಿ ಒಂದು ಕ್ಷಣ ನನಗೆ ತಲೆಬುಡ ತಿಳಿಯಲಿಲ್ಲ. ಆಮೇಲೆ ಹೊಳೆಯಿತು: ಅಡತಿ ಅಂಗಡಿಯ ಗುಮಾಸ್ತರು ಹೇಳುತ್ತಿರುವುದು ಕಾಟಾದ ಮೇಲೆ ಗೋಡೆಗೆ ಹಾಕಿದ ನಮ್ಮ ಅಂಕಿ ಬೋರ್ಡಿನ ಬಗ್ಗೆ. ಅದು ಕತ್ತಲಾಗಿದೆ. ಸೋಮವಾರ, ಗುರುವಾರ ಅಲ್ಲಿ ಮಾರುಕಟ್ಟೆ ದಿನ. ಚೀಲ ಸಾಲಾಗಿ ನಿಂತಿವೆ, ರೈತರು ತೂಕ ಕಾಣಬೇಕು ಅನ್ನುತ್ತಿದ್ದಾರೆ.

ಕಾರಣ ಹುಡುಕಿದಾಗ ತಪ್ಪು ನನ್ನದೇ ಎಂದು ಗೊತ್ತಾಯಿತು. ಎರಡು ವಾರದ ಹಿಂದೆ ಹುಬ್ಬಳ್ಳಿಯಲ್ಲಿ ಕೂತು ಒಂದು ಡ್ರೈವರನ್ನು (ಸಾಧನವನ್ನು ಓಡಿಸುವ ಕೋಡ್) ಐಚ್ಛಿಕ ಮಾಡಿದ್ದೆ. ಅಂದರೆ ಬೇಕಾದವರು ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಸೇರಿಸಿಕೊಳ್ಳಲಿ, ಬೇಡದವರು ಬಿಡಲಿ ಅಂತ. ಹತ್ತು ನಿಮಿಷದ ಕೆಲಸ ಅಂದುಕೊಂಡಿದ್ದೆ. ನೀವೂ ಇದೇ ಕೆಲಸಕ್ಕೆ ಕೈ ಹಾಕಿದ್ದರೆ, ಆಮೇಲೆ ಏನೋ ಕೆಟ್ಟಿದ್ದರೆ, ಯಾವ ಕ್ರಮದಲ್ಲಿ ನೋಡಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ. ಕಮಾಂಡುಗಳನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ, ಟೈಪ್ ಮಾಡುವಾಗ ನೀವು ಇಂಗ್ಲಿಷಿಗೆ ತಿರುಗಿಸಿಕೊಳ್ಳಿ.

ನಮ್ಮ ಪೆಟ್ಟಿಗೆಯೊಳಗೆ ಏನಿದೆ

ಸರಕಾರಿ ಸೀಲ್ ಇರುವುದು ಕಾಟಾಕ್ಕೆ ಮತ್ತು ಅದರ ಇಂಡಿಕೇಟರಿಗೆ. ಅದನ್ನು ನಾವು ಮುಟ್ಟುವುದಿಲ್ಲ. ಇಂಡಿಕೇಟರಿನ ಸೀರಿಯಲ್ ತಂತಿಯಿಂದ 9600 ಬಾಡ್‌ನಲ್ಲಿ ಬರುವ ತೂಕವನ್ನು ಓದಿ, ದೂರದಿಂದಲೂ ಕಾಣುವ ಹಾಗೆ ದೊಡ್ಡ ಅಂಕಿಗಳಲ್ಲಿ ತೋರಿಸುತ್ತೇವೆ, ಅಷ್ಟೇ. ಪೆಟ್ಟಿಗೆಯಲ್ಲಿ ಒಂದು ಸಣ್ಣ ಬೋರ್ಡ್, ಅದರ ಮೇಲೆ ನಾವೇ ಕಟ್ಟಿದ ಲಿನಕ್ಸ್ ಕರ್ನಲ್. ಅದರೊಳಗೆ ನಮ್ಮವೇ ಎರಡು ಡ್ರೈವರ್. ‘ತೂಕ’ ಸೀರಿಯಲ್ ತಂತಿ ಓದುತ್ತದೆ. ‘ಅಂಕಿ’ ಬೋರ್ಡಿನ ದೀಪ ಹಚ್ಚುತ್ತದೆ. ಪ್ರತಿ ಸಲ ತೂಕ ಬದಲಾದಾಗ ‘ತೂಕ’ದವನು ‘ಅಂಕಿ’ಯವನನ್ನು ‘ಅಂಕಿ_ತೋರಿಸು’ ಎಂಬ ಫಂಕ್ಷನ್ ಮೂಲಕ ಕರೆಯುತ್ತಾನೆ. (ಇದನ್ನೆಲ್ಲ ಕರ್ನಲ್ ಒಳಗೆ ಯಾಕೆ ಮಾಡಿದಿರಿ ಅಂತ ಕೇಳಬೇಡಿ. ನಾಲ್ಕು ಸಾಲಿನ ಪೈಥಾನ್‌ನಲ್ಲಿ ಆಗುವ ಕೆಲಸ. ನಾನು ಬರುವ ಮೊದಲೇ ಹಾಗಿತ್ತು.)

ಗದಗಿನ ಕಡೆಯ ಅಂಗಡಿಗಳು ಅಂಕಿ ಬೋರ್ಡ್ ಬೇಡ ಎಂದವು. ಆಗ ‘ಅಂಕಿ’ಯನ್ನು ಐಚ್ಛಿಕ ಮಾಡುವ ಯೋಚನೆ ಬಂತು. ಮೇಕ್‌ಫೈಲಿನಲ್ಲಿ ‘ಆಬ್ಜ್-ವೈ’ ಇದ್ದದ್ದನ್ನು ‘ಆಬ್ಜ್-$(ಕಾನ್ಫಿಗ್_ಅಂಕಿ)’ ಎಂದು ಬದಲಿಸಿದೆ. ಆಯ್ಕೆಗಳ ಪಟ್ಟಿ ಇರುವ ಕೆಕಾನ್ಫಿಗ್ ಫೈಲಿನಲ್ಲಿ ಟ್ರೈಸ್ಟೇಟ್ ಎಂದು ಒಂದು ಆಯ್ಕೆ ಸೇರಿಸಿದೆ. ಟ್ರೈಸ್ಟೇಟ್ ಅಂದರೆ ಮೂರು ಸ್ಥಿತಿ: ವೈ ಆದರೆ ಕರ್ನಲ್ ಒಳಗೇ ಸೇರಿರುತ್ತದೆ, ಎಮ್ ಆದರೆ ಬೇಕಾದಾಗ ಲೋಡ್ ಮಾಡುವ ಬೇರೆ ಫೈಲ್, ಅಂದರೆ ಮಾಡ್ಯೂಲ್ ಆಗಿರುತ್ತದೆ, ಎನ್ ಆದರೆ ಇರುವುದೇ ಇಲ್ಲ. ಬ್ಯಾಡಗಿಗೆ ಎಮ್ ಕೊಟ್ಟೆ, ಗದಗಿಗೆ ಎನ್.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಿಬಿಡುತ್ತೇನೆ. ಡ್ರೈವರನ್ನು ಐಚ್ಛಿಕ ಮಾಡಿದಾಗ ದೋಷ ಬರುವುದು ಹೆಚ್ಚಾಗಿ ಆ ಡ್ರೈವರಿನಲ್ಲಿ ಅಲ್ಲ, ಅದನ್ನು ಕರೆಯುವವರಲ್ಲಿ. ನಾನು ಅರ್ಧ ದಿನ ‘ಅಂಕಿ’ಯ ಕೋಡನ್ನೇ ಓದುತ್ತಾ ಕೂತಿದ್ದೆ. ಅದರಲ್ಲಿ ಏನೂ ಆಗಿರಲಿಲ್ಲ.

ಮೊದಲು ತಂತಿ, ಆಮೇಲೆ ಕರ್ನಲ್

ಬೋರ್ಡಿಗೆ ಕರೆಂಟ್ ಬರುತ್ತಿದೆಯಾ ನೋಡಿ. ನಮ್ಮ ಬೋರ್ಡ್ ಕರೆಂಟ್ ಬಂದ ಕೂಡಲೇ ಒಂದು ಸೆಕೆಂಡ್ ಎಲ್ಲ ಮನೆಯಲ್ಲೂ 8 ತೋರಿಸುತ್ತದೆ. ಅದಕ್ಕೆ ಡ್ರೈವರ್ ಬೇಕಿಲ್ಲ. ಗುಮಾಸ್ತರಿಗೆ ಸ್ವಿಚ್ ಆರಿಸಿ ಹಚ್ಚಲು ಹೇಳಿದೆ. "ಎಲ್ಲಾ ಎಂಟು ಎಂಟು ಬಂದು ಹೋತ್ರಿ" ಎಂದರು. ತಂತಿ, ದೀಪ ಎರಡೂ ಸರಿ ಇವೆ ಎಂದಾಯಿತು. ಇನ್ನು ಮುಂದಿನದು ಫೋನ್ ಇಟ್ಟು ದೂರದಿಂದ ಲಾಗಿನ್ ಆಗಿ ನೋಡುವ ಕೆಲಸ.

ಡ್ರೈವರ್ ಇದೆಯಾ? ಇದ್ದರೆ ಯಾವ ರೂಪದಲ್ಲಿ ಇದೆ?

ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ. ನಿಮ್ಮ ಟೇಬಲ್ ಮೇಲಿನ ಕಂಪ್ಯೂಟರಿನ ‘.ಕಾನ್ಫಿಗ್’ ಫೈಲನ್ನು (ಆರಿಸಿದ ಆಯ್ಕೆಗಳೆಲ್ಲ ಇರುವ ಫೈಲ್) ನೋಡಬೇಡಿ. ಅಲ್ಲಿ ಓಡುತ್ತಿರುವ ಕರ್ನಲ್ ಯಾವ ಕಾನ್ಫಿಗ್‌ನಿಂದ ಹುಟ್ಟಿದ್ದು ಎಂದು ನೋಡಿ. ಐಕೆಕಾನ್ಫಿಗ್_ಪ್ರಾಕ್ ಆಯ್ಕೆ ಹಾಕಿ ಕಟ್ಟಿದ್ದರೆ ‘/ಪ್ರಾಕ್/ಕಾನ್ಫಿಗ್.ಜಿಝಡ್’ ಫೈಲಿನಲ್ಲಿ ಅದು ಸಿಗುತ್ತದೆ. ಅದರಲ್ಲಿ ‘ಝಡ್‌ಗ್ರೆಪ್’ ಬಳಸಿ ನಿಮ್ಮ ಆಯ್ಕೆಯ ಹೆಸರು ಹುಡುಕಿ. ಇಲ್ಲದಿದ್ದರೆ ‘/ಬೂಟ್’ ಒಳಗೆ ಕರ್ನಲ್ ಹೆಸರಿನ ಕಾನ್ಫಿಗ್ ಫೈಲ್ ಇದೆಯಾ ನೋಡಿ. ಸಣ್ಣ ಪೆಟ್ಟಿಗೆಗೆ ಕಟ್ಟುವವರು ಜಾಗ ಉಳಿಸಲು ಐಕೆಕಾನ್ಫಿಗ್ ತೆಗೆದುಬಿಡುತ್ತಾರೆ. ದಯವಿಟ್ಟು ತೆಗೆಯಬೇಡಿ. ತಿನ್ನುವುದು ಕೆಲವು ಕಿಲೋಬೈಟ್, ಉಳಿಸುವುದು ಒಂದು ಬಸ್ ಪ್ರಯಾಣ.

‘ಮೇಕ್ ಓಲ್ಡ್‌ಡೆಫ್‌ಕಾನ್ಫಿಗ್’ ಕಮಾಂಡು ಹಳೆಯ ಕಾನ್ಫಿಗ್ ಫೈಲಿನಲ್ಲಿ ಬಿಟ್ಟುಹೋದ ಆಯ್ಕೆಗಳನ್ನು ತಾನೇ ತುಂಬುತ್ತದೆ. ಅದೊಂದು ಮೌನ ಕಳ್ಳ. ನೀವು ಕೈಯಿಂದ ಎಮ್ ಎಂದು ಬರೆದಿರುತ್ತೀರಿ, ಆದರೆ ಆ ಆಯ್ಕೆ ನಂಬಿಕೊಂಡ ಇನ್ನೊಂದು ಆಯ್ಕೆ ಇಲ್ಲದಿದ್ದರೆ ಅದು ನಿಮ್ಮ ಸಾಲನ್ನು ಸುಮ್ನೆ ತೆಗೆದು ಹಾಕುತ್ತದೆ. ಬೈಯುವುದೂ ಇಲ್ಲ. ಅದನ್ನು ಓಡಿಸಿದ ಮೇಲೆ ‘.ಕಾನ್ಫಿಗ್’ ತೆರೆದು ನಿಮ್ಮ ಸಾಲು ಉಳಿದಿದೆಯಾ ಎಂದು ಪ್ರತಿ ಸಲ ನೋಡಿ. ಹೋಗಿದ್ದರೆ ‘ಮೆನುಕಾನ್ಫಿಗ್’ನಲ್ಲಿ ‘/’ ಒತ್ತಿ ಹೆಸರು ಹುಡುಕಿ. ಯಾವುದರ ಮೇಲೆ ನಿಂತಿದೆ, ಯಾವುದು ಬಿದ್ದಿದೆ ಎಲ್ಲ ಅಲ್ಲೇ ಕಾಣುತ್ತದೆ.

ಬ್ಯಾಡಗಿಯ ಪೆಟ್ಟಿಗೆಯಲ್ಲಿ ಎರಡೂ ಎಮ್ ಇದ್ದವು. ಸರಿಯಾಗಿಯೇ ಇತ್ತು. ಆಮೇಲೆ ಲೋಡ್ ಆದ ಮಾಡ್ಯೂಲುಗಳ ಪಟ್ಟಿ ಕೊಡುವ ‘ಎಲ್‌ಎಸ್‌ಮಾಡ್’ ಓಡಿಸಿದೆ. ವೈ ಮಾಡಿ ಒಳಗೇ ಸೇರಿಸಿದ ಡ್ರೈವರ್ ಈ ಪಟ್ಟಿಯಲ್ಲಿ ಬರುವುದಿಲ್ಲ, ಅದಕ್ಕೆ ‘ಮಾಡ್ಯೂಲ್ಸ್.ಬಿಲ್ಟಿನ್’ ಎಂಬ ಫೈಲ್ ನೋಡಬೇಕು. ನಮ್ಮದು ಎಮ್, ಹಾಗಾಗಿ ಎರಡೂ ಕಂಡವು:

ತೂಕ 16384 0
ಅಂಕಿ 16384 0

ಎರಡೂ ಲೋಡ್ ಆಗಿವೆ. ಕರ್ನಲ್ ಬರೆಯುವ ಲಾಗ್, ಅಂದರೆ ‘ಡಿಮೆಸೇಜ್’ನಲ್ಲಿ ಒಂದೂ ದೂರು ಇಲ್ಲ. ಆದರೂ ಬೋರ್ಡ್ ಕತ್ತಲು. ನಾನು ಇಲ್ಲೇ ಅರ್ಧ ದಿನ ಕಳೆದದ್ದು.

ಆ ಎರಡನೇ ಸಾಲಿನ ಕೊನೆಯ ಸೊನ್ನೆ ನೋಡಿ. ಅದು ಈ ಮಾಡ್ಯೂಲನ್ನು ಎಷ್ಟು ಜನ ಬಳಸುತ್ತಿದ್ದಾರೆ ಎಂಬ ಲೆಕ್ಕ. ‘ತೂಕ’ ಮಾಡ್ಯೂಲ್ ‘ಅಂಕಿ’ಯ ಫಂಕ್ಷನನ್ನು ಕರೆಯುತ್ತದೆ ಅಂದಮೇಲೆ ಅಲ್ಲಿ 1 ಇರಬೇಕಿತ್ತು, ಪಕ್ಕದಲ್ಲಿ ‘ತೂಕ’ ಎಂದು ಹೆಸರೂ ಇರಬೇಕಿತ್ತು. ಇಲ್ಲ. ಅಂದರೆ ಕರ್ನಲ್ ಲೆಕ್ಕದಲ್ಲಿ ಇವರಿಬ್ಬರಿಗೂ ಸಂಬಂಧವೇ ಇಲ್ಲ. ಒಂದೇ ಮನೆಯಲ್ಲಿ ಮಾತು ಬಿಟ್ಟ ಅಣ್ಣತಮ್ಮಂದಿರ ಹಾಗೆ ಕೂತಿದ್ದಾರೆ.

ಖಾತ್ರಿ ಮಾಡಿಕೊಳ್ಳಲು ಇನ್ನೆರಡು ದಾರಿ ಇವೆ. ‘ಮಾಡ್‌ಇನ್ಫೋ -ಎಫ್ ಡಿಪೆಂಡ್ಸ್ ತೂಕ’ ಎಂದರೆ ಆ ಮಾಡ್ಯೂಲ್ ಯಾರನ್ನು ನಂಬಿದೆ ಎಂದು ಹೇಳುತ್ತದೆ. ನನಗೆ ಖಾಲಿ ಸಾಲು ಬಂತು. ಮಾಡ್ಯೂಲ್ ಫೈಲಿನ ಮೇಲೆ ‘ಎನ್‌ಎಮ್ ತೂಕ.ಕೆಒ’ ಓಡಿಸಿದರೆ, ಹೊರಗಿನಿಂದ ಬೇಕಾದ ಹೆಸರುಗಳ ಮುಂದೆ ದೊಡ್ಡ ಯು ಅಕ್ಷರ ಇರುತ್ತದೆ. ಆ ಪಟ್ಟಿಯಲ್ಲಿ ‘ಅಂಕಿ_ತೋರಿಸು’ ಇರಲೇ ಇಲ್ಲ. ಕರೆಯುವ ಕೋಡನ್ನು ಕಂಪೈಲರ್ ಅಳಿಸಿಬಿಟ್ಟಿದೆ.

ಯಾಕೆ ಅಳಿಸಿತು

‘ಅಂಕಿ.ಎಚ್’ ಹೆಡರ್‌ನಲ್ಲಿ ನಾನು ಹೀಗೆ ಬರೆದಿದ್ದೆ: ‘#ಇಫ್‌ಡೆಫ್ ಕಾನ್ಫಿಗ್_ಅಂಕಿ’ ಇದ್ದರೆ ನಿಜವಾದ ಫಂಕ್ಷನ್, ಇಲ್ಲದಿದ್ದರೆ ಏನೂ ಮಾಡದೆ 0 ಹಿಂತಿರುಗಿಸುವ ಒಂದು ಪೊಳ್ಳು ಫಂಕ್ಷನ್. ಇದಕ್ಕೆ ಸ್ಟಬ್ ಎನ್ನುತ್ತಾರೆ. ಡ್ರೈವರ್ ಇಲ್ಲದಿದ್ದಾಗ ಕರೆಯುವವರ ಕೋಡ್ ಒಡೆಯಬಾರದು ಎಂಬುದಕ್ಕೆ ಇದು ಸರಿಯಾದ ದಾರಿಯೇ. ಕರ್ನಲ್ ತುಂಬಾ ಹೀಗೆಯೇ ಇದೆ.

ತಪ್ಪು ‘ಇಫ್‌ಡೆಫ್’ನಲ್ಲಿ ಇತ್ತು. ಆಯ್ಕೆ ವೈ ಆದಾಗ ಕರ್ನಲ್ ‘ಕಾನ್ಫಿಗ್_ಅಂಕಿ’ ಎಂದು ಹೆಸರು ಕೊಡುತ್ತದೆ. ಎಮ್ ಆದಾಗ ಆ ಹೆಸರು ಇರುವುದಿಲ್ಲ, ಬದಲಿಗೆ ‘ಕಾನ್ಫಿಗ್_ಅಂಕಿ_ಮಾಡ್ಯೂಲ್’ ಇರುತ್ತದೆ. ಹಾಗಾಗಿ ಎಮ್ ಕೊಟ್ಟ ದಿನವೇ ‘ತೂಕ’ದವನಿಗೆ ಸಿಕ್ಕಿದ್ದು ಪೊಳ್ಳು ಫಂಕ್ಷನ್. ಅತ್ತ ನಿಜವಾದ ‘ಅಂಕಿ’ ಮಾಡ್ಯೂಲ್ ಬಂದು ಬೋರ್ಡ್ ಹಿಡಿದುಕೊಂಡು, ಯಾರೂ ಕರೆಯದೆ ಕಾಯುತ್ತಾ ಕೂತಿತು.

ಇದರಲ್ಲಿ ಇನ್ನೊಂದು ನಾಚಿಕೆಯ ವಿಷಯ ಇದೆ. ‘ಅಂಕಿ.ಸಿ’ ಕೂಡ ಅದೇ ಹೆಡರನ್ನು ಸೇರಿಸಿಕೊಂಡಿತ್ತು. ಎಮ್‌ನಲ್ಲಿ ಕಟ್ಟುವಾಗ ಹೆಡರಿನ ಪೊಳ್ಳು ಫಂಕ್ಷನ್, ಫೈಲಿನ ನಿಜವಾದ ಫಂಕ್ಷನ್ ಎರಡೂ ಎದುರಾಗಿ, ಒಂದೇ ಹೆಸರು ಎರಡು ಸಲ ಬಂದಿದೆ ಎಂದು ಕಂಪೈಲರ್ ಅವತ್ತೇ ಬೈದಿತ್ತು. ನಾನು ಏನು ಮಾಡಿದೆ? ‘ಅಂಕಿ.ಸಿ’ಯಿಂದ ಆ ಹೆಡರ್ ಸಾಲನ್ನೇ ತೆಗೆದೆ. ಬೈಗುಳ ನಿಂತಿತು. ಸಂಜೆ ಆರಾಗಿತ್ತು, ಗಿರ್ಮಿಟ್ ತಿನ್ನಲು ಹೊರಟಿದ್ದೆವು. ಕಂಪೈಲರ್ ಕೂಗಿದಾಗ ಬಾಯಿ ಮುಚ್ಚಿಸಿದರೆ ಅದೇ ದೂರು ಎರಡು ವಾರದ ಮೇಲೆ ಬ್ಯಾಡಗಿಯಿಂದ ಫೋನಾಗಿ ಬರುತ್ತದೆ.

ಪರಿಹಾರ: ‘ಇಫ್‌ಡೆಫ್’ ಜಾಗದಲ್ಲಿ ‘#ಇಫ್ ಈಸ್_ಎನೇಬಲ್ಡ್(ಕಾನ್ಫಿಗ್_ಅಂಕಿ)’ ಬರೆಯಿರಿ. ವೈ ಆದರೂ ಎಮ್ ಆದರೂ ಇದು ನಿಜ ಎನ್ನುತ್ತದೆ. ತೆಗೆದ ಹೆಡರ್ ಸಾಲನ್ನು ವಾಪಸ್ ಹಾಕಿ. ‘ಅಂಕಿ_ತೋರಿಸು’ ಫಂಕ್ಷನಿಗೆ ‘ಎಕ್ಸ್‌ಪೋರ್ಟ್_ಸಿಂಬಲ್_ಜಿಪಿಎಲ್’ ಹಾಕಿದ್ದೀರಾ ನೋಡಿ. ಎಲ್ಲ ಒಳಗೇ ಇದ್ದಾಗ ಅದು ಬೇಕಿರಲಿಲ್ಲ, ಮಾಡ್ಯೂಲ್ ಕರೆಯುವಾಗ ಬೇಕು. ಇಲ್ಲದಿದ್ದರೆ ಕಟ್ಟುವ ಕೊನೆಯಲ್ಲಿ ಮಾಡ್‌ಪೋಸ್ಟ್ ಎಂಬುದು ‘ಅಂಕಿ_ತೋರಿಸು’ ಸಿಗಲಿಲ್ಲ ಎಂದು ನಿಲ್ಲಿಸುತ್ತದೆ.

ಒಂದು ಸರಿ ಮಾಡಿದರೆ ಇನ್ನೊಂದು

ಇದನ್ನು ಸರಿ ಮಾಡಿ ಮತ್ತೊಂದು ಅಂಗಡಿಯ ಕಾನ್ಫಿಗ್ ಕಟ್ಟಿದೆ. ಅಲ್ಲಿ ‘ತೂಕ’ ವೈ, ‘ಅಂಕಿ’ ಎಮ್. ಎಲ್ಲ ಕಂಪೈಲ್ ಆಗಿ ಕೊನೆಯ ಹೆಜ್ಜೆಯಲ್ಲಿ, ತುಂಡುಗಳನ್ನೆಲ್ಲ ಜೋಡಿಸುವ ಲಿಂಕರ್ ಬಿತ್ತು: ‘ಅನ್‌ಡಿಫೈನ್ಡ್ ರೆಫರೆನ್ಸ್ ಟು ಅಂಕಿ_ತೋರಿಸು’.

ಕಾರಣ ಸರಳ. ಕರ್ನಲ್ ಒಳಗೇ ಇರುವವನು ಹೊರಗಿನ ಮಾಡ್ಯೂಲಿನ ಫಂಕ್ಷನನ್ನು ಹೆಸರು ಹಿಡಿದು ಕರೆಯಲು ಆಗುವುದಿಲ್ಲ. ಕರ್ನಲ್ ಲಿಂಕ್ ಆಗುವ ಹೊತ್ತಿಗೆ ಆ ಮಾಡ್ಯೂಲ್ ಅದರಲ್ಲಿ ಇರುವುದೇ ಇಲ್ಲ. ಮಾಡ್ಯೂಲ್ ಒಳಗಿನವರನ್ನು ಕರೆಯಬಹುದು, ಒಳಗಿನವರು ಮಾಡ್ಯೂಲನ್ನು ಹೀಗೆ ಕರೆಯುವ ಹಾಗಿಲ್ಲ.

ಇದಕ್ಕೆ ಕೆಕಾನ್ಫಿಗ್‌ನಲ್ಲಿ ಒಂದು ವಿಚಿತ್ರ ಸಾಲು ಇದೆ. ‘ತೂಕ’ದ ಆಯ್ಕೆಯ ಕೆಳಗೆ ಹೀಗೆ ಬರೆಯಬೇಕು: ‘ಡಿಪೆಂಡ್ಸ್ ಆನ್ ಅಂಕಿ || !ಅಂಕಿ’. ಮೊದಲ ಸಲ ನೋಡಿದಾಗ ನಗು ಬಂದಿತ್ತು. ಅಂಕಿ ಇರಬೇಕು ಅಥವಾ ಇರಬಾರದು, ಇದೇನು ಷರತ್ತು? ಆದರೆ ಇಲ್ಲಿ ಲೆಕ್ಕ ಎರಡು ಸ್ಥಿತಿಯದಲ್ಲ, ಮೂರರದು. ಎನ್ ಅಂದರೆ 0, ಎಮ್ ಅಂದರೆ 1, ವೈ ಅಂದರೆ 2. ‘!’ ಅಂದರೆ 2ರಿಂದ ಕಳೆಯುವುದು. ‘||’ ಅಂದರೆ ಎರಡರಲ್ಲಿ ದೊಡ್ಡದು. ಅಂಕಿ ವೈ ಆದರೆ 2 ಮತ್ತು 0, ದೊಡ್ಡದು 2. ಎನ್ ಆದರೆ 0 ಮತ್ತು 2, ಆಗಲೂ 2. ಎಮ್ ಆದರೆ ಮಾತ್ರ 1 ಮತ್ತು 1, ದೊಡ್ಡದು 1. ಅಂದರೆ ಅಂಕಿ ಎಮ್ ಆದಾಗ ತೂಕ ಎಮ್‌ಗಿಂತ ಮೇಲೆ ಹೋಗುವ ಹಾಗಿಲ್ಲ. ಬೇರೆ ಸಮಯದಲ್ಲಿ ಅದರಿಷ್ಟ. ನಮಗೆ ಬೇಕಾದದ್ದೂ ಅದೇ ಅಲ್ವಾ?

‘ಈಸ್_ರೀಚಬಲ್’ ಎಂಬ ಇನ್ನೊಂದು ಮ್ಯಾಕ್ರೋ ಇದೆ. ಅದನ್ನು ಹಾಕಿದರೆ ಈ ಲಿಂಕರ್ ದೋಷ ತಕ್ಷಣ ಮಾಯ. ತೂಕ ವೈ, ಅಂಕಿ ಎಮ್ ಆದಾಗ ಅದು ಪೊಳ್ಳು ಫಂಕ್ಷನನ್ನು ಕೊಟ್ಟುಬಿಡುತ್ತದೆ. ನನಗೆ ಅದು ಇಷ್ಟವಿಲ್ಲ. ಕಟ್ಟುವಾಗ ಕೂಗುವ ದೋಷವನ್ನು ಅದು ಓಡುವಾಗ ಸುಮ್ಮನಿರುವ ದೋಷವಾಗಿ ಬದಲಿಸುತ್ತದೆ. ಎಮ್ ಎಂದು ಆರಿಸಿದವನು ಬೋರ್ಡ್ ಬೇಕು ಎಂದೇ ಆರಿಸಿರುತ್ತಾನೆ.

‘ಸೆಲೆಕ್ಟ್ ಅಂಕಿ’ ಎಂದು ಬರೆದು ಒತ್ತಾಯದಿಂದ ಸೇರಿಸುವ ಆಸೆಯೂ ಬರುತ್ತದೆ. ಸೆಲೆಕ್ಟ್ ಎಂಬುದು ಆ ಆಯ್ಕೆಗೆ ಬೇಕಾದ ಉಳಿದ ಷರತ್ತುಗಳನ್ನು ನೋಡುವುದೇ ಇಲ್ಲ. ‘ಅನ್‌ಮೆಟ್ ಡೈರೆಕ್ಟ್ ಡಿಪೆಂಡೆನ್ಸೀಸ್’ ಎಂಬ ಎಚ್ಚರಿಕೆ ಬಂದರೆ ಎಲ್ಲೋ ಯಾರೋ ಹೀಗೆ ಮಾಡಿದ್ದಾರೆ ಎಂದರ್ಥ. ಅದಕ್ಕಿಂತ ಹೆಚ್ಚಾಗಿ, ಸೆಲೆಕ್ಟ್ ಮಾಡಿದ ಮೇಲೆ ಅದು ಐಚ್ಛಿಕವಾಗಿ ಉಳಿಯುವುದಿಲ್ಲ.

ದೊಡ್ಡವರೂ ಇದೇ ಗುಂಡಿಗೆ ಬಿದ್ದಿದ್ದಾರೆ ಎಂಬುದು ನನಗೊಂದು ಸಮಾಧಾನ. ಲಿನಕ್ಸ್‌ನಲ್ಲಿ ನೆಟ್‌ವರ್ಕ್ ಕಾರ್ಡುಗಳ ನಿಖರ ಗಡಿಯಾರಕ್ಕೆ ಪಿಟಿಪಿ ಎಂಬ ಕೋಡ್ ಇದೆ. ಈಥರ್‌ನೆಟ್ ಡ್ರೈವರುಗಳು ಅದನ್ನು ಸೆಲೆಕ್ಟ್ ಮಾಡುತ್ತಿದ್ದವು, ಹಾಗಾಗಿ ಸಣ್ಣ ಕರ್ನಲ್ ಬೇಕಾದವರಿಗೂ ಅದನ್ನು ತೆಗೆಯಲು ಆಗುತ್ತಿರಲಿಲ್ಲ. ಕರ್ನಲ್ ಡೆವಲಪರ್ ನಿಕೋಲಾಸ್ ಪಿಟ್ರೆ ಅದನ್ನು ಐಚ್ಛಿಕ ಮಾಡಲು ‘ಇಂಪ್ಲೈ’ ಎಂಬ ಹೊಸ ಪದವನ್ನೇ ಕೆಕಾನ್ಫಿಗ್‌ಗೆ ತಂದರು. 2017ರ ಲಿನಕ್ಸ್ 4.10ರಲ್ಲಿ ಅದು ಬಂತು. ಬೇಕೆಂದು ಸೂಚಿಸುತ್ತದೆ, ಒತ್ತಾಯ ಮಾಡುವುದಿಲ್ಲ. ಮುಂದೆ ಇಂಪ್ಲೈ ಇನ್ನೂ ಸಡಿಲವಾಯಿತು. ಆಗ ಡ್ರೈವರ್ ವೈ, ಪಿಟಿಪಿ ಎಮ್ ಎಂಬ ಜೋಡಿಯಲ್ಲಿ ನಮ್ಮದೇ ಲಿಂಕರ್ ದೋಷ ಅಲ್ಲೂ ಬರತೊಡಗಿತು. 2021ರಲ್ಲಿ ಇನ್ನೊಬ್ಬ ಡೆವಲಪರ್ ಆರ್ನ್ಡ್ ಬರ್ಗ್‌ಮನ್ ಆ ಡ್ರೈವರುಗಳಿಂದ ಇಂಪ್ಲೈ ತೆಗೆದು ಮೇಲಿನ ವಿಚಿತ್ರ ಸಾಲಿನ ಅರ್ಥವನ್ನೇ ಕೊಡುವ ಒಂದು ಸಹಾಯಕ ಆಯ್ಕೆ ಹಾಕಿದರು. ಹೆಸರಿನಲ್ಲೇ ‘ಆಪ್ಷನಲ್’ ಎಂದಿದೆ.

ಪೊಳ್ಳು ಫಂಕ್ಷನ್ ಏನು ಹೇಳಬೇಕು

ನನ್ನ ಸ್ಟಬ್ 0 ಹಿಂತಿರುಗಿಸುತ್ತಿತ್ತು. ಕರ್ನಲ್‌ನಲ್ಲಿ 0 ಅಂದರೆ ಕೆಲಸ ಆಯಿತು. ‘ತೂಕ’ದವನು ಪ್ರತಿ ಸಲ ಕೇಳಿದ, "ತೋರಿಸಿದೆಯಾ?" ಪೊಳ್ಳು "ಹೂಂ" ಎಂದಿತು. ಅದಕ್ಕೇ ‘ಡಿಮೆಸೇಜ್’ ಅಷ್ಟು ಸ್ವಚ್ಛವಾಗಿತ್ತು. ಈಗ ಅದು ‘-ಇಆಪ್‌ನಾಟ್‌ಸಪ್’ ಹಿಂತಿರುಗಿಸುತ್ತದೆ, ಅಂದರೆ ಈ ಕೆಲಸ ಇಲ್ಲಿ ಆಗುವುದಿಲ್ಲ. ‘ತೂಕ’ ಶುರುವಾಗುವಾಗ ಒಂದೇ ಒಂದು ಸಲ "ಈ ಕರ್ನಲ್‌ನಲ್ಲಿ ಅಂಕಿ ಇಲ್ಲ" ಎಂದು ಬರೆದು ಮುಂದೆ ಹೋಗುತ್ತದೆ. ಅದಕ್ಕಾಗಿ ‘ತೂಕ’ ಸೋಲಬಾರದು, ಗದಗಿನಲ್ಲಿ ಅದು ಬೋರ್ಡ್ ಇಲ್ಲದೆಯೇ ಓಡಬೇಕು.

ಎಲ್ಲ ಕಡೆ ದೋಷದ ಸಂಖ್ಯೆಯೇ ಬೇಕು ಎಂದಲ್ಲ. ಪಿಟಿಪಿಯ ನೋಂದಣಿ ಫಂಕ್ಷನ್ ನೋಡಿ: ಕೋಡ್ ಇಲ್ಲದಿದ್ದರೆ ನಲ್, ಇದ್ದೂ ಸೋತರೆ ದೋಷದ ಪಾಯಿಂಟರ್, ಗೆದ್ದರೆ ನಿಜವಾದ ಪಾಯಿಂಟರ್. ‘ಇಲ್ಲ’ ಬೇರೆ, ‘ಕೆಟ್ಟಿದೆ’ ಬೇರೆ. ಕರೆಯುವವನಿಗೆ ಈ ಎರಡರ ವ್ಯತ್ಯಾಸ ಗೊತ್ತಾಗುವ ಹಾಗಿದ್ದರೆ ಸಾಕು.

ಬೇರೆ ಸಣ್ಣಪುಟ್ಟ ದೋಷಗಳು

ಮಾಡ್ಯೂಲ್ ಫೈಲ್ ಇದೆ, ಕೈಯಿಂದ ‘ಮಾಡ್‌ಪ್ರೋಬ್’ ಕೊಟ್ಟು ಲೋಡ್ ಮಾಡಿದರೆ ಕೆಲಸ ಮಾಡುತ್ತದೆ, ತಾನಾಗಿ ಮಾತ್ರ ಬರುವುದಿಲ್ಲ: ‘ಮಾಡ್ಯೂಲ್_ಡಿವೈಸ್_ಟೇಬಲ್’ ಸಾಲು (ಈ ಡ್ರೈವರ್ ಯಾವ ಸಾಧನಕ್ಕೆ ಎಂದು ಹೇಳುವುದು) ಮರೆತಿದ್ದೀರಿ. ವೈ ಇದ್ದಾಗ ಅದರ ಅಗತ್ಯ ಯಾರಿಗೂ ಕಾಣುವುದಿಲ್ಲ. ಮಾಡ್‌ಇನ್ಫೋದಲ್ಲಿ ‘ಅಲಿಯಾಸ್’ ಸಾಲುಗಳು ಇವೆಯಾ ನೋಡಿದರೆ ಗೊತ್ತಾಗುತ್ತದೆ.

ಬೂಟ್ ಆಗುವಾಗ ‘ಅನ್‌ನೋನ್-ಬ್ಲಾಕ್(0,0)’ ಎಂದು ಪ್ಯಾನಿಕ್ ಆಗಿ ನಿಂತರೆ, ಹೆಚ್ಚಿನ ಸಲ ಡಿಸ್ಕ್ ಅಥವಾ ಎಸ್‌ಡಿ ಕಾರ್ಡ್ ಡ್ರೈವರನ್ನೇ ಎಮ್ ಮಾಡಿ, ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಆಗುವಾಗ ಬೇಕಾಗುವ ಫೈಲುಗಳ ಸಣ್ಣ ಗಂಟು) ಇಲ್ಲದೆ ಬಿಟ್ಟಿರುತ್ತೀರಿ. ಮಾಡ್ಯೂಲ್ ಇರುವುದು ಡಿಸ್ಕಿನಲ್ಲಿ, ಡಿಸ್ಕ್ ತೆರೆಯಲು ಆ ಮಾಡ್ಯೂಲೇ ಬೇಕು. ಬೀಗದ ಕೈ ಮನೆಯೊಳಗೆ ಬಿಟ್ಟು ಬಾಗಿಲು ಹಾಕಿದ ಹಾಗೆ.

ಸೀರಿಯಲ್ ಸಾಧನಗಳಿಗೆ ಡ್ರೈವರ್ ಬರೆಯುವವರಿಗೆ ಇನ್ನೊಂದು ಬಲೆ ಇದೆ. ಸೀರಿಯಲ್_ಡೆವ್_ಬಸ್ ಎಂಬ ಆಯ್ಕೆಯನ್ನು ಎಮ್ ಮಾಡಿದರೆ, ಅದನ್ನು ನಿಜವಾದ ಪೋರ್ಟಿಗೆ ಜೋಡಿಸುವ ಟಿಟಿವೈಪೋರ್ಟ್ ಆಯ್ಕೆ ಪಟ್ಟಿಯಿಂದಲೇ ಹೋಗುತ್ತದೆ. ಎಲ್ಲ ಕಂಪೈಲ್ ಆಗುತ್ತದೆ, ‘ತೂಕ’ಕ್ಕೆ ಮಾತ್ರ ಸಾಧನವೇ ಸಿಗುವುದಿಲ್ಲ. ಅದನ್ನು ವೈ ಇಡಿ.

ಡ್ರೈವರ್ -517 ಎಂಬ ಸಂಖ್ಯೆ ಕೊಟ್ಟು ಹಿಂದೆ ಸರಿದರೆ ಹೆದರಬೇಡಿ. ನನಗೆ ಬೇಕಾದವರು ಇನ್ನೂ ಬಂದಿಲ್ಲ, ಆಮೇಲೆ ಕರೆಯಿರಿ ಎಂದು ಅದರ ಅರ್ಥ. ಬಹಳ ಹೊತ್ತಾದರೂ ಬರದಿದ್ದರೆ ಡೀಬಗ್‌ಎಫ್‌ಎಸ್‌ನ ‘ಡಿವೈಸಸ್_ಡಿಫರ್ಡ್’ ಫೈಲಿನಲ್ಲಿ ಯಾರು ಕಾಯುತ್ತಿದ್ದಾರೆ ಎಂದು ಸಿಗುತ್ತದೆ.

ಕಟ್ಟಿ ನೋಡುವುದು

ಎರಡು ಆಯ್ಕೆ, ಮೂರು ಸ್ಥಿತಿ: ಒಟ್ಟು 9 ಜೋಡಿ. ಅದರಲ್ಲಿ ತೂಕ ವೈ, ಅಂಕಿ ಎಮ್ ಈಗ ನಿಷೇಧ. ಉಳಿದ 8ನ್ನೂ ‘ಸ್ಕ್ರಿಪ್ಟ್ಸ್/ಕಾನ್ಫಿಗ್’ ಬಳಸಿ ಒಂದು ಸಣ್ಣ ಲೂಪ್‌ನಲ್ಲಿ ಕಟ್ಟಿಸಿದೆ. ಬರೀ ನಿಮ್ಮ ಡೈರೆಕ್ಟರಿಯನ್ನು ಕಂಪೈಲ್ ಮಾಡಿ ಮುಗಿಯಿತು ಎನ್ನಬೇಡಿ. ಲಿಂಕರ್ ದೋಷ ಕಾಣುವುದು ಪೂರ್ತಿ ಕರ್ನಲ್ ಕಟ್ಟಿದಾಗ ಮಾತ್ರ. ಮೊದಲ ದಿನ ನಾನು ಕಟ್ಟಿ, ಓಡಿಸಿ ನೋಡಿದ್ದು ಎರಡೇ: ಎರಡೂ ವೈ, ಮತ್ತು ಅಂಕಿ ಎನ್. ಎರಡೂ ಸರಿ ಇದ್ದವು. ಅಂಗಡಿಗೆ ಕಳಿಸಿದ್ದು ಮೂರನೆಯದು.

ಸಂಜೆ ಹೊಸ ಮಾಡ್ಯೂಲ್ ಎರಡನ್ನೂ ಬ್ಯಾಡಗಿಗೆ ಕಳಿಸಿ, ಯಾವ ಮಾಡ್ಯೂಲ್ ಯಾರನ್ನು ನಂಬಿದೆ ಎಂಬ ಪಟ್ಟಿಯನ್ನು ಹೊಸದಾಗಿ ಮಾಡುವ ‘ಡೆಪ್‌ಮಾಡ್’ ಓಡಿಸಿ, ಪೆಟ್ಟಿಗೆ ರೀಬೂಟ್ ಮಾಡಿದೆ. ‘ಎಲ್‌ಎಸ್‌ಮಾಡ್’ ಹೀಗೆ ಬಂತು:

ತೂಕ 16384 0
ಅಂಕಿ 16384 1 ತೂಕ

ಗುಮಾಸ್ತರಿಗೆ ಫೋನ್ ಮಾಡಿ ಕಾಟಾದ ಮೇಲೆ ಏನಾದರೂ ಇಡಲು ಹೇಳಿದೆ. ಮಾರುಕಟ್ಟೆ ಮುಗಿದು ಚೀಲಗಳೆಲ್ಲ ಹೋಗಿದ್ದವು. ಹಮಾಲರೊಬ್ಬರು ತಾವೇ ಹತ್ತಿ ನಿಂತರಂತೆ. "ಅರವತ್ತೆರಡು ಅಂತೈತ್ರಿ" ಎಂದರು ಗುಮಾಸ್ತರು. ಹಿಂದಿನಿಂದ ಯಾರೋ ಸೀನಿದರು, "ಅರವತ್ತರಿ ಅದು, ಎರಡು ಕಿಲೋ ಖಾರದ ಧೂಳಿಂದು" ಎಂದು ಇನ್ನೊಬ್ಬರು ಕೂಗಿದ್ದು ಕೇಳಿಸಿತು. ನಾನು ಆ ಲಾಗಿನ್ ಮುಚ್ಚಿ ಗದಗಿನ ಪೆಟ್ಟಿಗೆಗೆ ಹೋದೆ. ಅಲ್ಲಿ ‘ಡಿಮೆಸೇಜ್’ನಲ್ಲಿ "ಈ ಕರ್ನಲ್‌ನಲ್ಲಿ ಅಂಕಿ ಇಲ್ಲ" ಎಂಬ ಸಾಲು ಒಂದೇ ಸಲ ಬಂದಿತ್ತು, ಅದರ ಕೆಳಗೆ ತೂಕ ಓದುತ್ತಲೇ ಇತ್ತು.